ಪುಟದ ಮಡಿಕೆಯಲ್ಲಿ ಹೋದ ಅಂಕಿ

ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ ಎಂದರೆ ಎದುರಿನವರು ತಪ್ಪದೆ ಹೇಳುವ ಮಾತು ಒಂದೇ: "ಹಾಗಾದ್ರೆ ಬಹಳ ಓದಿರ್ತೀರಿ ಬಿಡಿ." ನಾನು ಓದಿದ್ದು ಕಡಿಮೆ. ಪುಸ್ತಕಗಳ ಬೆನ್ನು ಓದಿದ್ದು ಹೆಚ್ಚು. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುವುದಿಲ್ಲ ಎನ್ನುತ್ತಾರಲ್ಲ, ಹಾಗೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ಅವರ ಬಾಯಲ್ಲಿ ಮಾತೆತ್ತಿದರೆ ಓಪನ್ ಆಕ್ಸೆಸ್. ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಓದುವಂತೆ ತೆರೆದಿಡುವುದಂತೆ, ಅದರಲ್ಲಿ ದೊಡ್ಡ ಗ್ರಂಥಾಲಯಗಳದ್ದೇ ಮುಖ್ಯ ಪಾತ್ರವಂತೆ. ಒಬ್ಬಳು ಫೋನಿನಲ್ಲೇ ಒಂದು ಲೇಖನ ತೆರೆದು ತೋರಿಸಿದಳು. ನಾನು ಸುಣ್ಣ ಹಚ್ಚಿದ ವೀಳ್ಯದೆಲೆ ಕೈಯಲ್ಲೇ ಹಿಡಿದುಕೊಂಡು ನೋಡುತ್ತಾ ಕುಳಿತೆ. "ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ?" ಎಂದು ಕೇಳಿದರು. ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ, ಬರೆದು ಕೊಡುತ್ತೇನೆ ಎಂದೆ. ಅದೇ ಇದು.

ನಮ್ಮದು ಶಿಕಾರಿಪುರ. ಅಪ್ಪನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಅಪ್ಪನಿಂದ ನಾನು ಕಲಿತದ್ದು ಒಂದೇ ವಿದ್ಯೆ, ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡುವುದು. ಊರಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಾಗ ಆ ವಿದ್ಯೆ ನನಗೆ ಬಹಳ ಉಪಯೋಗಕ್ಕೆ ಬಂತು. ಕಬ್ಬಿಣದ ಬೀರುಗಳ ಬೀಗದ ಕೈಗೊಂಚಲು ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಒಳ್ಳೆಯ ಪುಸ್ತಕ ಬಂತೆಂದರೆ ಅದರ ಮೇಲೆ 'ಪರಾಮರ್ಶನಕ್ಕೆ ಮಾತ್ರ' ಎಂದು ಮೊಹರು ಒತ್ತಿ ಒಳಗಿಡುತ್ತಿದ್ದೆ. ಹರಿಯಲಿಲ್ಲ, ಕಳೆಯಲಿಲ್ಲ, ಕೊಳೆಯಾಗಲಿಲ್ಲ. ಯಾರೂ ಓದಲೂ ಇಲ್ಲ. ವರ್ಷದ ಕೊನೆಗೆ ಎಣಿಸಿದಾಗ ಎಲ್ಲ ಪುಸ್ತಕ ಇದ್ದವು ಎಂದು ಮೇಲಿನವರು ಬೆನ್ನು ತಟ್ಟುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿ ನಾನೇ ಎಂದು ಆಗ ಹೊಳೆದಿರಲಿಲ್ಲ.

ಒಮ್ಮೆ ಕುರಿ ಸಾಕುವವನೊಬ್ಬ ಬಂದ. ಕಂಬಳಿ ಹೆಗಲಲ್ಲಿತ್ತು. ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದ.

"ಅಕ್ಕಾರೇ, ಕುರಿ ಬಾಯಿ ಹುಣ್ಣಾಗಿ ಸಾಯಾಕತ್ತಾವ್ರಿ. ಅದರದೊಂದು ಪುಸ್ತಕ ಐತಂತಲ್ಲ, ಮೇಷ್ಟ್ರು ಹೇಳಿದ್ರು," ಎಂದ.

ಪುಸ್ತಕ ಇತ್ತು. ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. "ನೀವು ಮೆಂಬರ್ ಏನ್ರೀ?" ಎಂದೆ. ಅಲ್ಲ ಎಂದ. "ಮೆಂಬರ್ ಆಗ್ಬೇಕಂದ್ರೆ ಜಾಮೀನು ಸಹಿ ತರ್ಬೇಕು. ಆದ್ರೂ ಈ ಪುಸ್ತಕ ಹೊರಗೆ ಕೊಡೋದಲ್ಲ, ಇಲ್ಲೇ ಕೂತು ಓದ್ಬೇಕು," ಎಂದೆ. ಅವನು ನಕ್ಕ. "ನಾ ಇಲ್ಲಿ ಕುಂತ್ರೆ ಕುರಿ ಯಾರು ಕಾಯ್ತಾರ್ರೀ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಮತ್ತೆ ಬರಲಿಲ್ಲ. ನಾನು ನಿಯಮ ಪಾಲಿಸಿದೆ ಎಂಬ ಸಮಾಧಾನದಲ್ಲಿ ಊಟಕ್ಕೆ ಹೋದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಸಮಾಧಾನವನ್ನು ಗುರುತಿಟ್ಟುಕೊಳ್ಳಿ. ಅದು ಬಹಳ ರುಚಿಯಾಗಿರುತ್ತದೆ, ಬಿಡಿಸಿಕೊಳ್ಳುವುದು ಕಷ್ಟ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸೊರಬದ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಬಂದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ದಿನಾ ಹೋಗಿ ಬರುವುದು ಸಾಕಾಗಿ, ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ಕಾಲೇಜಿನಲ್ಲಿ ಇದ್ದದ್ದು ಬಿ.ಎ., ಬಿ.ಕಾಂ. ಓದುವ ಮಕ್ಕಳು. ಸಂಶೋಧನೆ ಎಂಬ ಪದ ನಮ್ಮ ಕಟ್ಟಡದೊಳಗೆ ಕಾಲಿಟ್ಟಿದ್ದು ಡಾಕ್ಟರ್ ಪಾಲಾಕ್ಷಪ್ಪನವರ ಜೊತೆ.

ಅವರು ಸರ್ಕಾರಿ ಡಾಕ್ಟರು, ನನಗಿಂತ ಹತ್ತು ವರ್ಷ ಚಿಕ್ಕವರು. ದೀಪಾವಳಿ ಮುಗಿದ ವಾರ, ಜೀಪು ಹೊರಗೆ ನಿಲ್ಲಿಸಿ ನೇರ ನನ್ನ ಮೇಜಿನ ಮುಂದೆ ಬಂದು ಕುಳಿತರು.

"ಮೇಡಂ, ಮಂಗನ ಕಾಯಿಲೆ ಮೇಲೆ ಹಳೇ ಲೇಖನ ಏನಾದ್ರೂ ಇದ್ಯೇನ್ರೀ ನಿಮ್ಮಲ್ಲಿ?"

ಮಂಗನ ಕಾಯಿಲೆ ಸೊರಬದವರಿಗೆ ವಿವರಿಸಬೇಕಾದ್ದಲ್ಲ. ನಮ್ಮ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ ಅದನ್ನು ಮೊದಲು ಗುರುತಿಸಿದ್ದು. ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಆ ರೋಗಕ್ಕೆ ನಮ್ಮ ಊರಿನ ಹೆಸರೇ ಇದೆ. ಮಳೆ ನಿಂತು ಕಾಡು ಒಣಗತೊಡಗಿದಾಗ ಮಂಗಗಳು ಸಾಯುತ್ತವೆ, ಅವುಗಳ ಮೈಮೇಲಿನ ಉಣುಗುಗಳು ಕಾಡಿಗೆ ಹೋದ ಮನುಷ್ಯರನ್ನು ಕಚ್ಚುತ್ತವೆ, ಆಮೇಲೆ ಜ್ವರ. ಆ ಹೊತ್ತಿಗೆ ಲಸಿಕೆ ಬಂದಿತ್ತು. ಬೇಸಿಗೆಗೆ ಮುಂಚೆ ಕಾಡಂಚಿನ ಊರುಗಳಲ್ಲಿ ಅದನ್ನು ಹಾಕಿ ಮುಗಿಸುವುದು ಡಾಕ್ಟರ ಕೆಲಸ. ಎಲ್ಲ ಕಡೆ ಹೇಗೋ ನಡೆಯಿತು. ಒಂದು ಕೇರಿಯಲ್ಲಿ ಮಾತ್ರ ಒಬ್ಬರೂ ತೋಳು ಚಾಚಲಿಲ್ಲ. ಕೇರಿಯ ಹೆಸರು ಬೇಡ, ಈಗಲೂ ಅಲ್ಲಿ ನನ್ನನ್ನು ಗುರುತಿಸುವವರಿದ್ದಾರೆ.

ಕಾರಣ ಒಬ್ಬ ಹೆಂಗಸು, ಗುತ್ಯಮ್ಮ. ಚಂದ್ರಗುತ್ತಿಯ ದೇವಿಗೆ ಹೆತ್ತವರು ಹರಕೆ ಹೊತ್ತ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಮೂವತ್ತು ವರ್ಷಕ್ಕೂ ಹಿಂದೆ, ರೋಗ ಹೊಸದಾಗಿ ಕಾಣಿಸಿದ್ದ ಕಾಲದಲ್ಲಿ, ಅವಳ ಗಂಡ ಕಾಡಿನಲ್ಲಿ ಬಿದಿರು ಕಡಿಯುವ ಶಿಬಿರಕ್ಕೆ ಹೋಗಿ ಜ್ವರ ಹೊತ್ತು ಮನೆಗೆ ಬಂದ. ಮಾರನೆಯ ದಿನ ಸಂಶೋಧನೆಯವರು ಜೀಪಿನಲ್ಲಿ ಬಂದು ರಕ್ತ ಕೇಳಿದರು. ಗಂಡನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ, ಅತ್ತೆ ಗದ್ದೆಗೆ ಹೋಗಿದ್ದರು. ಇಪ್ಪತ್ತೈದು ತುಂಬದ ಗುತ್ಯಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ರಕ್ತ ತೆಗೆದರು. ಮಾರನೆಯ ದಿನ ಗಂಡ ತೀರಿಕೊಂಡ. ಅತ್ತೆ ಸಾಯುವವರೆಗೂ ಹೇಳುತ್ತಿದ್ದದ್ದು ಒಂದೇ ಮಾತಂತೆ: ಕಾಯಿಲೆ ಕೊಲ್ಲಲಿಲ್ಲ, ನಿನ್ನ ಹೆಬ್ಬೆಟ್ಟು ಕೊಂದಿತು. ಕೇರಿಯೂ ಅದನ್ನೇ ನಂಬಿತು. ಗುತ್ಯಮ್ಮ ಎಲ್ಲರಿಗಿಂತ ಹೆಚ್ಚು ನಂಬಿದಳು. ಅಂದಿನಿಂದ ಅವಳು ಯಾವ ಕಾಗದಕ್ಕೂ ಬೆರಳು ಒತ್ತಿರಲಿಲ್ಲ. ಪಹಣಿಗೆ ಇಲ್ಲ, ವಿಧವಾ ವೇತನಕ್ಕೆ ಇಲ್ಲ, ಓಟಿಗೂ ಇಲ್ಲ.

"ನಾನು ಎಷ್ಟು ಹೇಳಿದ್ರೂ ಒಂದೇ ಪ್ರಶ್ನೆ ಕೇಳ್ತಾರೆ ಮೇಡಂ," ಎಂದರು ಡಾಕ್ಟರು. "ಆವತ್ತು ತಗಂಡು ಹೋದ ರಕ್ತದಲ್ಲಿ ಎಂತ ಸಿಕ್ತು, ಅದನ್ನ ಮೊದ್ಲು ಹೇಳಿ ಅಂತಾರೆ. ನನ್ನ ಹತ್ರ ಉತ್ತರ ಇಲ್ಲ. ಯಾರೋ ಬರೆದಿರ್ತಾರೆ, ಎಲ್ಲೋ ಅಚ್ಚಾಗಿರ್ತದೆ. ಅದನ್ನ ತರಿಸಿಕೊಡ್ತೀರಾ?"

ಸಂಕ್ರಾಂತಿ ಒಳಗೆ ಸಿಗಬೇಕು, ಆಮೇಲೆ ತಡವಾಗುತ್ತದೆ ಎಂದೂ ಹೇಳಿದರು.

ಆ ಕಾಲದಲ್ಲಿ ಒಂದು ಲೇಖನ ತರಿಸುವುದೆಂದರೆ ಹೆಣ್ಣು ನೋಡುವ ಶಾಸ್ತ್ರದಷ್ಟೇ ಸುತ್ತು. ಮೊದಲು ಬೆಂಗಳೂರಿನ ದೊಡ್ಡ ಸಂಶೋಧನಾ ಗ್ರಂಥಾಲಯಕ್ಕೆ ಬರೆಯಬೇಕು: ಈ ವಿಷಯದ ಮೇಲೆ ಏನೇನಿದೆ ಹುಡುಕಿ ಹೇಳಿ. ಅವರು ಸೂಚಿ ಸಂಪುಟಗಳನ್ನು ತಿರುವಿ ಪಟ್ಟಿ ಕಳಿಸುತ್ತಾರೆ. ಪಟ್ಟಿಯಲ್ಲಿ ಗುರುತು ಹಾಕಿ ಪ್ರತಿ ಕಳಿಸಿ ಎಂದು ಮತ್ತೆ ಬರೆಯಬೇಕು. ಅವರು ವ್ಯಕ್ತಿಗಳಿಗೆ ಕಳಿಸುವುದಿಲ್ಲ, ಸಂಸ್ಥೆಯ ಮುಖ್ಯಸ್ಥರ ಸಹಿ, ಮೊಹರು ಬೇಕು. ಕಾಡು ನಮ್ಮದು, ರೋಗದ ಹೆಸರು ನಮ್ಮದು, ರಕ್ತ ನಮ್ಮವರದು. ಬರಹ ಮಾತ್ರ ವಿದೇಶದ ಪತ್ರಿಕೆಯಲ್ಲಿ ಅಚ್ಚಾಗಿ, ಬೆಂಗಳೂರಿಗೆ ಬಂದು, ಗಟ್ಟಿ ರಟ್ಟಿನೊಳಗೆ ಕೂತಿತ್ತು.

ನಮ್ಮ ಪ್ರಾಂಶುಪಾಲರು ಕೆಟ್ಟವರಲ್ಲ, ಆದರೆ ಯಾವ ಕಾಗದ ಕಂಡರೂ ಅದರಿಂದ ಆಡಿಟ್ ಆಕ್ಷೇಪಣೆ ಹುಟ್ಟುತ್ತದೆಂದು ಹೆದರುವವರು.

"ಬಿ.ಕಾಂ. ಹುಡುಗರಿಗೆ ಮಂಗನ ಕಾಯಿಲೆ ಲೇಖನ ಎಂತಕ್ರೀ?"

"ಹುಡುಗರಿಗಲ್ಲ ಸರ್, ಡಾಕ್ಟರಿಗೆ."

"ಡಾಕ್ಟರು ನಮ್ಮ ಕಾಲೇಜಿನವರಾ?"

"ಅಲ್ಲ ಸರ್. ಮಂಗನೂ ನಮ್ಮ ಕಾಲೇಜಿಂದಲ್ಲ. ಆದ್ರೆ ಕಾಯಿಲೆ ನಮ್ಮ ತಾಲ್ಲೂಕಿಂದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಸಹಿ ಹಾಕಿದರು. ಬೀಗ ಕಾಯುವವಳಾಗಿದ್ದ ನಾನು ಬೇರೆಯವರ ಬೀಗ ತಟ್ಟಲು ಶುರುಮಾಡಿದ್ದು ಆವತ್ತು.

ನಾಲ್ಕು ವಾರದ ಮೇಲೆ ದಪ್ಪ ಲಕೋಟೆ ಬಂತು. ಜೆರಾಕ್ಸ್ ಪ್ರತಿ. ಅಲ್ಲೇ ನಿಂತು ಬಿಚ್ಚಿದೆ. ಲೇಖನದ ನಡುವೆ ಒಂದು ಕೋಷ್ಟಕ ಇತ್ತು. ಹೆಸರುಗಳಿರಲಿಲ್ಲ, ಒಬ್ಬೊಬ್ಬ ರೋಗಿಗೂ ಒಂದು ಸಂಖ್ಯೆ. ಪಕ್ಕದಲ್ಲಿ ಊರು, ವಯಸ್ಸು, ಕೆಲಸ, ರಕ್ತದಲ್ಲಿ ರೋಗಾಣು ಕಂಡಿತೇ, ರೋಗಿ ಉಳಿದನೇ. ಕೊನೆಯ ಕಂಬಸಾಲಿನಲ್ಲಿ, ಅಂದರೆ ಕಾಲಮ್ಮಿನಲ್ಲಿ, ಜ್ವರದ ಎಷ್ಟನೆಯ ದಿನ ರಕ್ತ ತೆಗೆದರು ಎಂಬುದು. ಆ ಕೇರಿಯಿಂದ ಇದ್ದವನು ಒಬ್ಬನೇ. ಗಂಡಸು, ಬಿದಿರು ಕಡಿಯುವವನು, ಮೃತ. ಅವನೇ. ನಾನು ಕೋಷ್ಟಕವನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಮರುದಿನವೇ ಡಾಕ್ಟರ ಜೀಪು ಹತ್ತಿದೆ. ಅವರು ಲೇಖನ ತಾವೊಮ್ಮೆ ಓದುತ್ತೇನೆಂದು ಕೈಚಾಚಿದರೆ, "ಓದಿ ಹೇಳೋದು ನನ್ನ ಕೆಲಸ ಸರ್," ಎಂದು ಬಿಗಿಯಾಗಿ ಹಿಡಿದುಕೊಂಡೆ. ಅಷ್ಟು ಜಂಬ ನನಗೆ.

ಕೇರಿಯ ಶಾಲೆ ಜಗುಲಿಯಲ್ಲಿ ಜನ ಸೇರಿದ್ದರು. ಗುತ್ಯಮ್ಮ ಕಂಬಕ್ಕೆ ಒರಗಿ, ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದಳು. ಅವಳ ಮೈದುನ ಹೂವಪ್ಪ, ಕೇರಿಯಲ್ಲಿ ಅವನ ಮಾತೇ ಮಾತು, ಎದುರಿಗೇ ನಿಂತಿದ್ದ. ನಾನು ಪಾಠ ಹೇಳುವ ಮೇಡಂ ಹಾಗೆ ಓದಿದೆ. ಇಂತಿಂಥ ಊರು, ಇಷ್ಟನೆಯ ದಿನ ರಕ್ತ, ರೋಗಾಣು ಸಿಕ್ಕಿತು, ಬದುಕಿದ. ಆಮೇಲೆ ಅವನ ಸಾಲು ಬಂತು.

"ಈ ಕೇರಿಯ ಗಂಡಸು. ಜ್ವರದ ಒಂದನೇ ದಿನ ರಕ್ತ ತೆಗೆದರು. ರೋಗಾಣು ಸಿಕ್ಕಿತು. ಆಮೇಲೆ ತೀರಿಕೊಂಡರು."

ಹೂವಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿದ.

"ಕೇಳಿದ್ರಲ್ಲ? ಅವ್ರ ಬುಕ್ಕಲ್ಲೇ ಬರ್ದಿದಾರೆ. ಒಂದು ದಿನದ ಜ್ವರ ಅದು. ಒಂದು ದಿನದ ಜ್ವರಕ್ಕೆ ಯಾರಾದ್ರೂ ಸಾಯ್ತಾರಾ? ರಕ್ತ ತೆಗ್ದಿದ್ದಕ್ಕೇ ಹೋದ ನಮ್ಮಣ್ಣ."

ಜನ ಎದ್ದರು. ಗುತ್ಯಮ್ಮ ಏಳಲಿಲ್ಲ. ನನ್ನ ಕಡೆ ನೋಡಿ ತಲೆಯಾಡಿಸಿದಳು, ಗೊತ್ತಿದ್ದದ್ದನ್ನೇ ಯಾರೋ ಮತ್ತೆ ಹೇಳಿದಾಗ ಆಡಿಸುವ ಹಾಗೆ. "ಹೌದು ಅಕ್ಕೋರೆ. ಹಂಗೇ ಇರ್ಬೇಕು," ಎಂದಳು. ಆ ಮುಖ ನನಗೆ ಇಂದಿಗೂ ಮರೆತಿಲ್ಲ. ಮೂವತ್ತು ವರ್ಷ ಕೇರಿ ಆಡಿಕೊಂಡ ಮಾತಿಗೆ ನಾನು ಅಚ್ಚಿನ ಸಾಕ್ಷಿ ತಂದುಕೊಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಾಪಸು ಬರುವಾಗ, ಊರು ಹತ್ತಿರವಾದಂತೆ ಡಾಕ್ಟರು ಕೇಳಿದರು.

"ಮೇಡಂ, ಈ ಕಾಯಿಲೇಲಿ ಒಂದೇ ದಿನಕ್ಕೆ ಯಾರೂ ಹೋಗಲ್ಲರೀ. ಆ ಅಂಕಿ ಸರಿಯಾಗಿ ನೋಡಿದ್ರಾ?"

ನನಗೆ ಸಿಟ್ಟು ಬಂತು. ಹದಿನೈದು ವರ್ಷ ಅಂಕಿ ಬರೆದವಳಿಗೆ ಅಂಕಿ ಓದಲು ಬರುವುದಿಲ್ಲವೇ ಎಂದುಕೊಂಡೆ. ಲೇಖನ ಅವರ ಮಡಿಲಿಗೆ ಹಾಕಿ ಇಳಿದುಹೋದೆ. ಮರುದಿನ ಬೆಳಗ್ಗೆ ಅವರೇ ಗ್ರಂಥಾಲಯಕ್ಕೆ ಬಂದು ಆ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಬೆರಳಿಟ್ಟು ತೋರಿಸಿದರು.

ದಪ್ಪ ಸಂಪುಟವನ್ನು ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿದಾಗ ನಡುಮಡಿಕೆ ಗಾಜಿಗೆ ಪೂರ್ತಿ ಅಂಟುವುದಿಲ್ಲ. ಅಲ್ಲಿ ಒಂದು ಕಪ್ಪು ನೆರಳು ಬೀಳುತ್ತದೆ. ನಮ್ಮ ಕೋಷ್ಟಕ ಎಡಗಡೆಯ ಪುಟದಲ್ಲಿತ್ತು, ಅದರ ಕೊನೆಯ ಕಂಬಸಾಲು ಸರಿಯಾಗಿ ಆ ಮಡಿಕೆಯ ಬಾಯಲ್ಲಿತ್ತು. ಅವನ ಸಾಲಿನ 'ಒಂದು' ನೆರಳಿನ ದಡದಲ್ಲಿ ನಿಂತಿತ್ತು. ಅದರಾಚೆ ಇನ್ನೊಂದು ಅಂಕಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಪುಟದ ಕೆಳಗೆ ಒಂದು ಅಡಿಟಿಪ್ಪಣಿಯೂ ಇತ್ತು. ಅದರ ಪ್ರತಿ ಸಾಲಿನ ಕೊನೆಯ ಮಾತುಗಳು ನೆರಳಿನಲ್ಲಿ ಹೋಗಿದ್ದವು. ಅರ್ಥವಾಗಲಿಲ್ಲ ಎಂದು ಅದನ್ನು ನಾನು ಬಿಟ್ಟೇ ಬಿಟ್ಟಿದ್ದೆ. ಲೈಬ್ರರಿಯವಳು ನಾನು. ಸಾವಿರ ಜೆರಾಕ್ಸ್ ಪ್ರತಿ ಕಂಡವಳು. ಮಡಿಕೆ ನುಂಗುತ್ತದೆ ಎಂದು ವಿದ್ಯಾರ್ಥಿಗಳಿಗೆ ನಾನೇ ಎಚ್ಚರಿಕೆ ಹೇಳುತ್ತಿದ್ದವಳು. ನನ್ನ ಪುಟದಲ್ಲಿ ಮಾತ್ರ ನನಗದು ಕಾಣಲಿಲ್ಲ.

ಮೊದಲು ಬಹಳ ನಾಚಿಕೆಯಾಯಿತು. ಅದರ ಹಿಂದೆಯೇ ಸಣ್ಣದೊಂದು ಆಸೆ ಎದ್ದಿತು. 'ಒಂದು' ಅಲ್ಲದಿದ್ದರೆ?

ಬೆಂಗಳೂರಿಗೆ ಮತ್ತೆ ಬರೆದೆ. ಈ ಸಲ ಅರ್ಜಿಯ ಭಾಷೆ ಬಿಟ್ಟು, ಇಂಥ ಕೇರಿ, ಇಂಥ ಹೆಂಗಸು, ಇಂಥ ತಪ್ಪು ಎಂದು ಎಲ್ಲವನ್ನೂ ಬರೆದೆ. ಅಲ್ಲಿನ ಹಿರಿಯ ಗ್ರಂಥಪಾಲಕರು ಯಾರೋ, ನಾನು ಅವರ ಮುಖ ಕಂಡವಳಲ್ಲ, ತಮ್ಮ ಕೈಬರಹದಲ್ಲೇ ಉತ್ತರಿಸಿದರು. ಸಂಪುಟವನ್ನು ತಾವೇ ತೆಗೆದು ನೋಡಿದರಂತೆ. ಬೈಂಡಿಂಗ್ ಮಾಡಿದವರು ಅಂಚು ಬಹಳ ಒಳಗೆ ಹೊಲಿದಿದ್ದರಿಂದ ಆ ಕಂಬಸಾಲಿನ ಕೊನೆ ಹೊಲಿಗೆಯೊಳಗೇ ಹೋಗಿದೆಯಂತೆ. ಹೊಲಿಗೆ ಬಿಚ್ಚುವ ಅಧಿಕಾರ ತಮಗಿಲ್ಲ. ಆದರೆ ಲೇಖಕರಿಗೆ ಕಾರ್ಡು ಹಾಕಿ ರೀಪ್ರಿಂಟ್ ಕೇಳಿ ನೋಡಿ ಎಂದು ಸೂಚಿಸಿ, ಹಳೆಯ ಕಡತಗಳಿಂದ ಲೇಖಕರ ಒಂದು ವಿಳಾಸವನ್ನೂ ಹುಡುಕಿ ಬರೆದಿದ್ದರು.

ಈಗಿನವರಿಗೆ ರೀಪ್ರಿಂಟ್ ಎಂದರೆ ಗೊತ್ತಿರಲಾರದು. ಪತ್ರಿಕೆಯಲ್ಲಿ ಲೇಖನ ಬಂದಾಗ ಅದರ ಕೆಲವು ಬಿಡಿ ಪ್ರತಿಗಳನ್ನು ಲೇಖಕರ ಕೈಗೆ ಕೊಡುತ್ತಿದ್ದರು. ಯಾರಾದರೂ ಅಂಚೆ ಕಾರ್ಡಿನಲ್ಲಿ ಕೇಳಿದರೆ ಅವರು ಒಂದನ್ನು ಕಳಿಸುವುದು ರೂಢಿ. ದುಡ್ಡಿಲ್ಲ, ಚಂದಾ ಇಲ್ಲ, ಕೇಳಿದವರು ಯಾರು ಎಂದು ವಿಚಾರಣೆಯೂ ಇಲ್ಲ. ನಿಮ್ಮ ಓಪನ್ ಆಕ್ಸೆಸ್ಸಿನ ಅಜ್ಜಿ ಅದು, ಹುಡುಗಿಯರೇ. ಒಂದು ಕಾರ್ಡಿನ ಬೆನ್ನ ಮೇಲೆ ಕೂತು ಊರೂರು ತಿರುಗುತ್ತಿತ್ತು.

ಕಾರ್ಡು ಹಾಕಿದೆ. ಲೇಖಕರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಬದುಕಿದ್ದಾರೋ ಇಲ್ಲವೋ ಅದೂ ತಿಳಿಯದು. ಧನುರ್ಮಾಸ ಬಂತು. ಕಾಡಿನಲ್ಲಿ ಎರಡು ಮಂಗ ಸತ್ತು ಬಿದ್ದಿವೆ ಎಂದು ಡಾಕ್ಟರು ಬಂದು ಹೇಳಿದರು. ನಮ್ಮ ಪೋಸ್ಟ್‌ಮನ್ ಕಾಲೇಜಿನ ಗೇಟಿನಿಂದಲೇ "ಇಲ್ಲ ಮೇಡಂ" ಎಂದು ಕೈ ಆಡಿಸಿ ಹೋಗುವುದು ರೂಢಿಯಾಯಿತು. ಪ್ರಾಂಶುಪಾಲರು ಕೂಡ, "ಬಂತೇನ್ರೀ ನಿಮ್ಮ ಮಂಗ?" ಎಂದು ಕೇಳುತ್ತಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು. ಕೊನೆಕೊನೆಗೆ ಅವರೂ ನಿಜಕ್ಕೂ ಕಾಯುತ್ತಿದ್ದರು.

ಸಂಕ್ರಾಂತಿಗೆ ರಜೆ ಎಂದು ಹಿಂದಿನ ದಿನವೇ ಕಾಲೇಜಿನಲ್ಲಿ ಎಳ್ಳು ಬೀರಲು ಹೊರಟಿದ್ದಾಗ ಪೋಸ್ಟ್‌ಮನ್ ಗೇಟು ದಾಟಿ ಒಳಗೆ ಬಂದ. ಲಕೋಟೆಯ ಮೇಲೆ ನನ್ನ ವಿಳಾಸ ನಡುಗುವ ಕೈಬರಹದಲ್ಲಿತ್ತು. ಒಳಗೆ ಹಳದಿಗಟ್ಟಿದ ರೀಪ್ರಿಂಟ್. ಹೊಲಿಗೆ ಇಲ್ಲ, ಎರಡೇ ಪಿನ್ನು, ತೆರೆದರೆ ಹಾಳೆ ಅಂಗೈಯಂತೆ ಬಿಚ್ಚಿಕೊಂಡಿತು. ನನಗೆ ಕೋಷ್ಟಕ ನೋಡಲು ಧೈರ್ಯವಾಗಲಿಲ್ಲ. ಜೊತೆಗಿದ್ದ ಪತ್ರ ಮೊದಲು ಓದಿದೆ. ಕಾರ್ಡು ಮೂರು ವಿಳಾಸ ತಿರುಗಿ ಅವರಿಗೆ ಸಿಕ್ಕಿತ್ತಂತೆ. ತಮ್ಮ ಬಳಿ ಉಳಿದಿದ್ದ ಕೊನೆಯ ಪ್ರತಿ ಇದು ಎಂದು ಬರೆದಿದ್ದರು. ಅದರ ಕೆಳಗೆ ಇನ್ನೂ ಎರಡು ಸಾಲು: 'ಈ ಲೇಖನವನ್ನು ಬೇರೆ ಬೇರೆ ದೇಶಗಳಿಂದ ಕೇಳಿದ್ದಾರೆ. ಆ ಊರಿನಿಂದ ಕೇಳಿದ್ದು ಇದೇ ಮೊದಲು. ಅವರಿಗೂ ಬೇಕಾಗಬಹುದೆಂದು ನಮಗೆ ಹೊಳೆಯಲೇ ಇಲ್ಲ.'

ಆಮೇಲೆ ಕೋಷ್ಟಕ ನೋಡಿದೆ. ಹನ್ನೊಂದು.

ಅಡಿಟಿಪ್ಪಣಿ ಪೂರ್ತಿ ಇತ್ತು. ಈ ರೋಗಿಗೆ ಜ್ವರ ಶುರುವಾದದ್ದು ಕಾಡಿನ ಶಿಬಿರದಲ್ಲಿ, ಇದು ಜೊತೆಗೆಲಸದವರ ಹೇಳಿಕೆ. ಹತ್ತು ದಿನ ಅಲ್ಲಿಯೇ ಮಲಗಿದ್ದು ನಂತರ ಮನೆಗೆ ತಂದರು. ರಕ್ತ ತೆಗೆಯುವ ಮೊದಲೇ ಒಸಡಿನಿಂದ ರಕ್ತಸ್ರಾವ ಇತ್ತು.

ಎಳ್ಳು ಅಲ್ಲೇ ಬಿಟ್ಟು ಆಸ್ಪತ್ರೆಗೆ ನಡೆದೆ. ಡಾಕ್ಟರು ಓದಿ, ಕುರ್ಚಿಗೆ ಒರಗಿ, "ಅಬ್ಬಾ" ಎಂದರು, ಅಷ್ಟೇ. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಕ್ಕೆವು.

ಈ ಸಲ ಜಗುಲಿಯಲ್ಲಿ ಜನ ಕಡಿಮೆ. ಹೂವಪ್ಪ ಬರುವುದಿಲ್ಲ ಎಂದವನು ಬಂದು ಮೂಲೆಯಲ್ಲಿ ನಿಂತಿದ್ದ. ಗುತ್ಯಮ್ಮ ಅದೇ ಕಂಬಕ್ಕೆ ಒರಗಿದ್ದಳು, ಕೈಗಳು ಸೆರಗಿನೊಳಗೇ. ನಾನು ಎದ್ದು ನಿಂತು ಮೊದಲು ನನ್ನ ತಪ್ಪು ಹೇಳಿದೆ. ಜೆರಾಕ್ಸ್ ಪ್ರತಿಯನ್ನೂ ರೀಪ್ರಿಂಟನ್ನೂ ಪಕ್ಕಪಕ್ಕದಲ್ಲಿಟ್ಟು, ಇಲ್ಲಿ ನೆರಳು, ಇಲ್ಲಿ ಅಂಕಿ, ಎಂದು ಬಂದವರೆಲ್ಲರಿಗೂ ತೋರಿಸಿದೆ. ಶಾಲೆ ಕಲಿತವರು ಬಗ್ಗಿ ನೋಡಿ "ಹೌದು, ಎರಡು ಒಂದಿದೆ," ಎಂದರು. ಆಮೇಲೆ ಅಡಿಟಿಪ್ಪಣಿಯನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದೆ.

ಗುತ್ಯಮ್ಮ ಕಂಬ ಬಿಟ್ಟು ಮುಂದೆ ಬಾಗಿದಳು.

"ಹತ್ತು ದಿನ ಅಲ್ಲೇ ಮಲ್ಗಿದ್ರಾ ಅಕ್ಕೋರೆ?"

"ಹೌದು ಗುತ್ಯಮ್ಮ."

"ನಂಗೆ ಹೇಳ್ಲೇ ಇಲ್ಲ ಅವ್ರು. ಇವತ್ತೇ ಮೈ ಕಾಯ್ತಾ ಇದೆ ಅಂದಿದ್ರು. ನಾ ಹೆದ್ರುತೀನಿ ಅಂತ." ಆಮೇಲೆ ಕೇಳಿದಳು, "ಅಲ್ಲಿ ನೀರು ಯಾರು ಕೊಟ್ರೋ ಏನೋ, ಅದು ಬರ್ದಿಲ್ವಾ?"

ಅದು ಬರೆದಿಲ್ಲ ಎಂದೆ.

ಆಗ ಡಾಕ್ಟರು ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. "ಅಮ್ಮಾ, ರಕ್ತ ತೆಗೆಯೋಕೆ ಮುಂಚೇನೇ ಕಾಯಿಲೆ ಕೈಮೀರಿತ್ತು. ನೀವು ಹೆಬ್ಬೆಟ್ಟು ಒತ್ತಿದ್ರೂ ಅಷ್ಟೇ, ಒತ್ತದೇ ಇದ್ರೂ ಅಷ್ಟೇ. ನಿಮ್ಮಿಂದ ಏನೂ ಆಗಿಲ್ಲ."

"ನನ್ ಹೆಬ್ಬೆಟ್ಟಿಂದ ಅಲ್ಲ?"

"ಅಲ್ಲಮ್ಮಾ."

"ಹೂವಪ್ಪಾ, ಕೇಳ್ದೇನೋ?" ಎಂದು ಅವಳು ಮೂಲೆಯ ಕಡೆ ತಿರುಗಿದಳು. "ನನ್ನಿಂದ ಅಲ್ವಂತೆ ಕಣೋ."

ಹೂವಪ್ಪ ತಲೆ ತಗ್ಗಿಸಿದ. "ಕೇಳ್ದೆ ಅತ್ತಿಗೆ," ಎಂದ. ಆಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಗುತ್ಯಮ್ಮ ಅತ್ತಳು, ಜೋರಾಗಿ, ಯಾರಿಗೂ ನಾಚದೆ. ಕೇರಿಯ ಹೆಂಗಸರು ಸುತ್ತ ಕೂತರು. ಅದು ದುಃಖದ ಅಳುವಲ್ಲ ಎಂದು ನಾನು ಹೇಳಲಾರೆ, ಅದರಲ್ಲಿ ದುಃಖವೂ ಇತ್ತು. ಆದರೆ ಹೊತ್ತಿದ್ದ ಕಟ್ಟಿಗೆ ಹೊರೆ ಇಳಿಸಿದವರು ಬಿಡುವಂಥ ಉಸಿರು ನಡುನಡುವೆ ಕೇಳುತ್ತಿತ್ತು. ಅವಳೇ ಎದ್ದು ಮುಖ ತೊಳೆದು ಬಂದು, ರವಿಕೆಯ ತೋಳು ಸರಿಸಿ ಡಾಕ್ಟರ ಮುಂದೆ ಕುಳಿತಳು. ಅವಳ ಹಿಂದೆ ಹೂವಪ್ಪ, ಹೂವಪ್ಪನ ಹಿಂದೆ ಕೇರಿ. ಆ ಬೇಸಿಗೆಯಲ್ಲಿ ಆ ಕೇರಿಯಲ್ಲಿ ಯಾರಿಗೂ ಮಂಗನ ಕಾಯಿಲೆ ಬರಲಿಲ್ಲ. ಲಸಿಕೆಯಿಂದಲೋ ಅದೃಷ್ಟದಿಂದಲೋ ಗೊತ್ತಿಲ್ಲ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನಮಗೆ ನೆಮ್ಮದಿಯಾಯಿತು, ಅಷ್ಟು ಸಾಕು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮರುವಾರ ಗುತ್ಯಮ್ಮ ಸೊರಬದ ಸಂತೆಗೆ ಬಂದವಳು ಕಾಲೇಜಿಗೆ ಬಂದಳು. ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತಿದ್ದಳು.

"ಅಕ್ಕೋರೆ, ಆ ಹಾಳೆ ನಂಗೆ ಕೊಡ್ತೀರಾ?"

ರೀಪ್ರಿಂಟ್ ಅಷ್ಟರಲ್ಲಿ ನನ್ನ ಕೈ ಸೇರಿ, ಕೈಗೆ ಅಭ್ಯಾಸವಾದ ಎಲ್ಲ ಸಂಸ್ಕಾರ ಪಡೆದಿತ್ತು. ದಾಖಲೆ ಸಂಖ್ಯೆ ಬಿದ್ದಿತ್ತು, ರಟ್ಟು ಬಂದಿತ್ತು, 'ಪರಾಮರ್ಶನಕ್ಕೆ ಮಾತ್ರ' ಎಂಬ ಮೊಹರೂ ಬಿದ್ದಿತ್ತು. ಲೇಖಕರ ಕೊನೆಯ ಪ್ರತಿ. ನಿಯಮದಂತೆ ಹೊರಗೆ ಕೊಡುವಂತಿಲ್ಲ, ಮೆಂಬರ್ ಅಲ್ಲದವರಿಗಂತೂ ಇಲ್ಲವೇ ಇಲ್ಲ. ನನಗೆ ಶಿಕಾರಿಪುರದ ಕುರಿಯವನ ನಗು ನೆನಪಾಯಿತು.

"ಓದೋಕೆ ಬರಲ್ವಲ್ಲ ಗುತ್ಯಮ್ಮ, ಎಂತಕ್ಕೆ?" ಎಂದು ಸುಮ್ಮನೆ ಕೇಳಿದೆ.

"ನಮ್ಮನೇವ್ರದ್ದು ಒಂದು ಫೋಟೋನೂ ಇಲ್ಲ ನಮ್ಮನೇಲಿ. ಅವ್ರು ಇದ್ರು ಅಂತ ಬರ್ದಿರೋದು ಅದೊಂದೇ ಅಲ್ವಾ?"

ಬೀರು ತೆಗೆದೆ. ಅದೇ ಪುಟಗಳ ಒಂದು ಒಳ್ಳೆಯ ಜೆರಾಕ್ಸ್ ಪ್ರತಿಯನ್ನು ಡಾಕ್ಟರಿಗಾಗಿ ಮೊದಲೇ ಮಾಡಿಸಿಟ್ಟಿದ್ದೆ. ಈ ಸಲ ಮಡಿಕೆ ಇರಲಿಲ್ಲ, ನೆರಳೂ ಇರಲಿಲ್ಲ. ಅದನ್ನು ಗ್ರಂಥಾಲಯಕ್ಕೆ ಇಟ್ಟುಕೊಂಡು ಅಸಲನ್ನು ಅವಳ ಕೈಗೆ ಕೊಡುವುದೆಂದು ನಿರ್ಧರಿಸಿದೆ. ಆದರೂ ಇಷ್ಟು ವರ್ಷದ ಅಭ್ಯಾಸ, ಎರವಲು ವಹಿ ತೆರೆದು ಅವಳ ಹೆಸರು ಬರೆದೆ. ಸಹಿಯ ಜಾಗದ ಹತ್ತಿರ ಬಂದಾಗ ಪೆನ್ನು ನಿಂತಿತು. ಅವಳಿಗೆ ಹೆಬ್ಬೆಟ್ಟು ಕೇಳುವುದು ಹೇಗೆ ಎಂದು ನನಗೆ ತೋಚಲಿಲ್ಲ. ಬೇಡ ಎಂದು ವಹಿ ಮುಚ್ಚಲು ಹೋದೆ.

ಅವಳು ನೋಡುತ್ತಿದ್ದಳು. ಮೇಜಿನ ಮೇಲಿದ್ದ ಮೊಹರಿನ ಸ್ಟಾಂಪ್ ಪ್ಯಾಡನ್ನು ತಾನೇ ಎಳೆದುಕೊಂಡಳು.

"ಎಲ್ಲಿ ಒತ್ಬೇಕು, ತೋರ್ಸಿ," ಎಂದಳು.

ತೋರಿಸಿದೆ. ಒತ್ತಿದಳು. ನೇರಳೆ ಶಾಯಿ ಅಂಟಿದ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿಗೆ ಒರೆಸಿಕೊಂಡು, ಲೇಖನವನ್ನು ಸಂತೆಚೀಲದಲ್ಲಿ ಬಾಳೆಕಾಯಿಯ ಮೇಲೆ ಇಟ್ಟುಕೊಂಡು ಹೋದಳು.

ಆಮೇಲೂ ಬಹಳ ವರ್ಷ ಕೆಲಸ ಮಾಡಿದೆ. ದಶಕದ ಕೊನೆಗೆ ಕಂಪ್ಯೂಟರ್ ಬಂತು. ಆರು ತಿಂಗಳು ಅದಕ್ಕೆ ಹೂವಿನ ಬಟ್ಟೆಯ ಮುಸುಕು ಹಾಕಿ ಧೂಳು ಬೀಳದಂತೆ ಕಾಯ್ದೆ, ಹಳೇ ಚಾಳಿ. ಅದನ್ನು ಬಿಚ್ಚಿಸಿದವರೂ ಪಾಲಾಕ್ಷಪ್ಪನವರೇ. ಲೇಖನಗಳು ಕಾರ್ಡಿಲ್ಲದೆ, ಪ್ರಾಂಶುಪಾಲರ ಮೊಹರಿಲ್ಲದೆ ಪರದೆಯ ಮೇಲೆ ಬರಬಹುದೆಂದು ಅವರು ಹೇಳಿದಾಗ ನಾನು ನಂಬಿರಲಿಲ್ಲ. ಈಗ ಬರುತ್ತಿವೆ. ನಿಜ ಹೇಳಬೇಕೆಂದರೆ ನನಗೆ ಅಸೂಯೆಯಿಲ್ಲ, ಹಗುರಾಗಿದೆ. ನಮ್ಮಂಥವರ ಸೊಂಟದ ಬೀಗದ ಕೈ ಇಳಿಯಿತಲ್ಲ ಎಂದು. ನಿಮಗೆ ನನ್ನ ಮಾತು ಒಂದೇ, ಹುಡುಗಿಯರೇ. ಬಾಗಿಲು ತೆರೆದಿಟ್ಟು ಕೂತರೆ ಸಾಲದು, ಬಾಗಿಲಲ್ಲಿ ನಿಂತು ಹಿಂಜರಿಯುವವರನ್ನು ಕರೆಯಬೇಕು. ಕರೆದು ಓದಿ ಹೇಳುವಾಗ ಎರಡು ಸಲ ನೋಡಿ ಹೇಳಬೇಕು.

ನಿವೃತ್ತಿಗೆ ಮುಂಚೆ ಕೊನೆಯ ದಾಸ್ತಾನು ಪರಿಶೀಲನೆ ನಡೆಯಿತು. ಬಂದ ಅಧಿಕಾರಿ ಹಳೆಯ ವಹಿಯನ್ನು ತಿರುವುತ್ತಾ ಒಂದು ಕಡೆ ನಿಂತರು.

"ಮೇಡಂ, ಇದೊಂದು ವಾಪಸ್ಸೇ ಬಂದಿಲ್ಲವಲ್ಲ. ಪರಾಮರ್ಶನಕ್ಕೆ ಮಾತ್ರ ಅಂತಿದೆ, ಹೊರಗೆ ಹ್ಯಾಗೆ ಹೋಯ್ತು? ಸಹಿಯೂ ಇಲ್ಲ, ಬರೀ ಹೆಬ್ಬೆಟ್ಟು. ಕಳೆದಿದೆ ಅಂತ ಬರ್ಕೊಳ್ಳಲಾ?"

ನೇರಳೆ ಶಾಯಿ ಮಾಸಿತ್ತು. ಬೆರಳಿನ ಗೆರೆ ಒಂದೂ ಅಳಿಸಿರಲಿಲ್ಲ.

"ಕಳೆದಿಲ್ಲರೀ," ಎಂದೆ. "ಯಾರಿಗೆ ಸೇರಬೇಕೋ ಅವರ ಹತ್ರ ಇದೆ. ಹಾಗೇ ಬರ್ಕೊಳ್ಳಿ."